ಒಂಬತ್ತನೆಯ ದಿನದ ಜ್ವರ

ಕರುಳಿನಲ್ಲಿ ರಂಧ್ರವಾಗಿ ತುರ್ತು ಶಸ್ತ್ರಚಿಕಿತ್ಸೆಗೊಳಗಾದ ವೃದ್ಧರೊಬ್ಬರು ನಮ್ಮ ತೀವ್ರ ನಿಗಾ ಘಟಕಕ್ಕೆ ಬಂದು ಒಂಬತ್ತು ದಿನಗಳಾಗಿದ್ದುವು. ಕುತ್ತಿಗೆಯ ರಕ್ತನಾಳದೊಳಕ್ಕೆ ಇಳಿಸಿದ್ದ ಸೆಂಟ್ರಲ್ ಲೈನಿನ ಮೂಲಕವೇ ಅವರ ಆಹಾರ, ಔಷಧ, ದ್ರವಗಳೆಲ್ಲವೂ ಸಾಗುತ್ತಿದ್ದುದರಿಂದ, ಆ ನಳಿಕೆಯನ್ನು ನಾವು ಅವರ ಪ್ರಾಣತಂತುವೆಂದೇ ಭಾವಿಸಿದ್ದೆವು. ಇಳಿದಿದ್ದ ಜ್ವರವು ಮತ್ತೆ ಏರಿದಾಗ ನಾನು ಆ್ಯಂಟಿಬಯಾಟಿಕ್ಕನ್ನು ಬದಲಿಸಿದೆನು. ಅದಕ್ಕೂ ಜಗ್ಗದಿರಲು ಇನ್ನೂ ಪ್ರಬಲವಾದುದನ್ನು ಬರೆದೆನು. "ಡಾಕ್ಟ್ರೇ, ಔಷಧಿ ಬದಲಾಯಿಸ್ತಾನೇ ಇದ್ದೀರಿ, ಜ್ವರ ಮಾತ್ರ ಬಿಡ್ತಾನೇ ಇಲ್ವಲ್ಲ?" ಎಂದು ಅವರ ಮಗಳು ಕೇಳಿದರು. ಆ ಮಾತಿಗೆ ಅಂದೇ ಕಿವಿಗೊಟ್ಟಿದ್ದರೆ ಎರಡು ದಿನಗಳಾದರೂ ಉಳಿಯುತ್ತಿದ್ದುವು.

ಎರಡು ದಿನಗಳ ಮೇಲೆ ಪ್ರಯೋಗಾಲಯದಿಂದ ಕರೆ ಬಂದಿತು: ರಕ್ತದ ಕಲ್ಚರಿನಲ್ಲಿ ಯೀಸ್ಟ್ ಬೆಳೆದಿದೆ. ಹೋಗಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟೆನು. ಕಡುನೇರಳೆ ಬಣ್ಣದ ಅಂಡಾಕಾರದ ಕೋಶಗಳು, ಬ್ಯಾಕ್ಟೀರಿಯಾಗಳಿಗಿಂತ ಎಷ್ಟೋ ದೊಡ್ಡವು, ಕೆಲವುಗಳ ಪಕ್ಕೆಯಲ್ಲಿ ನೆನೆಸಿದ ಕಾಳಿನ ಮೊಳಕೆಯಂತೆ ಮತ್ತೊಂದು ಪುಟ್ಟ ಕೋಶ. ಕ್ಯಾಂಡಿಡಾ ಶಿಲೀಂಧ್ರ.

ನಮ್ಮಲ್ಲಿ ಅನೇಕರ ಕರುಳಿನಲ್ಲಿ ಅಸಂಖ್ಯ ಬ್ಯಾಕ್ಟೀರಿಯಾಗಳ ನಡುವೆ ಅಡಗಿ ಬಾಳುವ ಈ ಜೀವಿಗೆ, ನಾನು ಔಷಧದ ಮೇಲೆ ಔಷಧವನ್ನಿತ್ತು ನೆರೆಹೊರೆಯನ್ನು ಬರಿದುಮಾಡಿದಂತೆಲ್ಲ ಎಡೆ ದೊರೆಯಿತು. ಬಿರಿದ ಕರುಳು ದಾರಿಯನ್ನು ಕೊಟ್ಟಿತು. ನಾವು ಪ್ರಾಣತಂತುವೆಂದುಕೊಂಡಿದ್ದ ನಳಿಕೆಯು ಅದಕ್ಕೆ ಪೊರೆಕಟ್ಟಿ ನೆಲಸಲು ಆಸರೆಯಾಯಿತು. ರಕ್ತದ ಕಲ್ಚರು ಇಂಥ ಆಳದ ಸೋಂಕುಗಳಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಹಿಡಿಯುವುದರಿಂದ, ‘ಏನೂ ಬೆಳೆದಿಲ್ಲ’ ಎಂಬ ಮೊದಲ ವರದಿಯನ್ನು ನಾನು ಅಭಯಪತ್ರವೆಂದು ಬಗೆದದ್ದು ದೊಡ್ಡ ತಪ್ಪು. ಯಾವ ಕ್ಯಾಂಡಿಡಾ ಎಂದು ವಿಚಾರಿಸದೆ ಬಿಡುವುದೂ ತಪ್ಪೇ. 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯ ಸ್ರಾವದಿಂದ ಮೊದಲು ವರ್ಣಿತವಾಗಿ, ಇಂದು ನಮ್ಮ ದೇಶದ ಘಟಕಗಳಲ್ಲಿಯೂ ಹಾಸಿಗೆಯ ಕಂಬಿಗಳ ಮೇಲೆ ವಾರಗಟ್ಟಲೆ ಬದುಕಿರಬಲ್ಲ ಕ್ಯಾಂಡಿಡಾ ಆರಿಸ್, ಸಾಮಾನ್ಯವಾಗಿ ಫ್ಲುಕೊನಜೋಲ್ ಎಂಬ ಶಿಲೀಂಧ್ರನಾಶಕಕ್ಕೆ ಬಗ್ಗುವುದಿಲ್ಲ.

ಅದೃಷ್ಟವಶಾತ್ ನಮ್ಮ ರೋಗಿಯದು ಆ ಬಗೆಯದಲ್ಲ. ಅಂದೇ ಲೈನನ್ನು ತೆಗೆಸಿ ಕ್ಯಾಸ್ಪೊಫಂಜಿನ್ ಎಂಬ ಶಿಲೀಂಧ್ರನಾಶಕವನ್ನು ಆರಂಭಿಸಿದೆವು. ನಾಲ್ಕನೆಯ ದಿನ ಜ್ವರವಿಳಿಯಿತು. ಆದರೆ ನೇತ್ರತಜ್ಞರು ಬಲಗಣ್ಣಿನ ಅಕ್ಷಿಪಟಲದಲ್ಲಿ ಹಿಂಜಿದ ಅರಳೆಯಂಥ ಬಿಳಿಯ ಚುಕ್ಕೆಗಳನ್ನು ಕಂಡರು. ಕ್ಯಾಸ್ಪೊಫಂಜಿನ್ ಕಣ್ಣಿನೊಳಕ್ಕೆ ಚೆನ್ನಾಗಿ ತಲುಪದಾದ್ದರಿಂದ ಔಷಧವನ್ನು ಬದಲಿಸಿ ವಾರಗಟ್ಟಲೆ ಮುಂದುವರಿಸಬೇಕಾಯಿತು.

ಈಗ ದಿನವೂ ಬೆಳಗಿನ ರೌಂಡ್ಸಿನಲ್ಲಿ ಪ್ರತಿಯೊಬ್ಬ ರೋಗಿಯ ಬಳಿಯಲ್ಲಿಯೂ, ಈ ಲೈನು ಇಂದು ಬೇಕೇ, ಈ ಆ್ಯಂಟಿಬಯಾಟಿಕ್ ಇನ್ನೂ ಬೇಕೇ ಎಂದು ಸಿಸ್ಟರನ್ನು ಕೇಳುತ್ತೇನೆ. ನಾನು ಮರೆತರೆ ಅವರೇ ಕೇಳುತ್ತಾರೆ.

ಎರಡು ತಿಂಗಳ ಬಳಿಕ ಆ ಹಿರಿಯರು ಮಗಳ ಕೈಹಿಡಿದು ನನ್ನ ಕೋಣೆಗೆ ಬಂದರು. ಕುಳಿತವರೇ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಗೋಡೆಯ ಕ್ಯಾಲೆಂಡರನ್ನು ಓದತೊಡಗಿದರು. ತಾರೀಖಿನ ದೊಡ್ಡ ಅಂಕಿಗಳನ್ನೆಲ್ಲ ಸರಿಯಾಗಿ ಹೇಳಿದರು. ಅವುಗಳ ಕೆಳಗಿನ ತಿಥಿ ನಕ್ಷತ್ರಗಳು ಅವರಿಗೆ ಕಾಣಿಸಲಿಲ್ಲ.