ನಾದವೂ ಮೆರುಗೂ: ಹಳೆಯ ಬೇಸ್ ಗಿಟಾರಿನ ನವೀಕರಣ

ವಿದ್ಯುತ್ ಬೇಸ್ ಗಿಟಾರು ಪಾಶ್ಚಾತ್ಯ ವಾದ್ಯ. ಆದರೂ ಅದರ ಮುಖ್ಯ ಅಂಗಗಳನ್ನು ಹೆಸರಿಸಲು ಕನ್ನಡದಲ್ಲಿ ಪದಗಳ ಕೊರತೆಯಿಲ್ಲ. ವೀಣೆಯ ಬಿರಡೆ, ದಂಡಿ, ಮೆಟ್ಟಿಲು, ಕುದುರೆ ಎಂಬ ನಾಲ್ಕು ಪದಗಳು ಇದಕ್ಕೂ ಸಲ್ಲುತ್ತವೆ. ಬಳಸಿದ ಬೇಸೊಂದನ್ನು ಅಗ್ಗದ ಬೆಲೆಗೆ ಕೊಂಡು ನವೀಕರಿಸುವವರು ಮೊದಲು ವಿವೇಚಿಸಬೇಕಾದುದು ಇದು: ಇದರಲ್ಲಿ ನಾದಕ್ಕೆ ಕಾರಣವಾದ ಅಂಗ ಯಾವುದು, ನೋಟಕ್ಕಷ್ಟೇ ಸೇರಿದುದು ಯಾವುದು?

ವೀಣೆಯಲ್ಲಿ ತಂತಿಯ ಕಂಪನವನ್ನು ಟೊಳ್ಳಾದ ಕೊಡವು ಹಿಗ್ಗಿಸುತ್ತದೆ. ಬೇಸಿನ ಒಡಲಾದರೋ ಸಾಮಾನ್ಯವಾಗಿ ಗಟ್ಟಿ ಮರ. ತಂತಿಗಳ ಕೆಳಗಿರುವ ಪಿಕಪ್, ಎಂದರೆ ಅಯಸ್ಕಾಂತ ಮತ್ತು ತಾಮ್ರದ ಸುರುಳಿ, ಉಕ್ಕಿನ ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಆದ್ದರಿಂದ ಒಡಲಿನ ಬಣ್ಣ ಬದಲಾದರೂ ನಾದ ಬದಲಾಗುವುದು ಅತ್ಯಲ್ಪ. ದಂಡಿ ಅತಿಯಾಗಿ ಬಾಗಿದರೆ, ಮೆಟ್ಟಿಲು ಸವೆದರೆ, ತಂತಿ ತುಕ್ಕು ಹಿಡಿದರೆ ನಾದ ಕೆಡುತ್ತದೆ. ೧೨ನೆಯ ಮೆಟ್ಟಿಲಿನಲ್ಲಿ ಒತ್ತಿ ಮೀಟಿದ ಸ್ವರವು ಬಿಡಿತಂತಿಯ ಸ್ವರಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಮೇಲಿರಬೇಕು. ಅದು ಏರಿದ್ದರೆ ಕುದುರೆಯ ಮೇಲೆ ಆ ತಂತಿಯ ಆಸರೆಯನ್ನು ದಂಡಿಯಿಂದ ದೂರಕ್ಕೂ, ಇಳಿದಿದ್ದರೆ ದಂಡಿಯ ಕಡೆಗೂ ಸರಿಸಬೇಕು. ಹಣ ಮತ್ತು ಶ್ರಮ ಮೊದಲು ಸಲ್ಲಬೇಕಾದುದು ಇಲ್ಲಿ.

ಬಣ್ಣದ ಕೆಲಸ ಆಮೇಲಿನದು. ಅಗ್ಗದ ವಾದ್ಯಗಳ ಮೇಲೆ ಹೆಚ್ಚಾಗಿ ಪಾಲಿಯುರೆಥೇನ್ ಅಥವಾ ಪಾಲಿಯೆಸ್ಟರಿನ ದಪ್ಪ ಲೇಪವಿರುತ್ತದೆ. ಹಳೆಯ ಲೇಪ ಗಟ್ಟಿಯಾಗಿದ್ದರೆ ಮರ ಕಾಣುವವರೆಗೆ ಕೆರೆಯಬೇಕಿಲ್ಲ. ಬಿಡಿಭಾಗಗಳನ್ನು ಕಳಚಿ, ೩೨೦ನೆಯ ಅಂಕದ ಮರಳುಕಾಗದದಿಂದ ಹೊಳಪನ್ನು ಉಜ್ಜಿ ತೆಗೆದು, ಅದರ ಮೇಲೆಯೇ ಹೊಂದುವ ಬಣ್ಣವನ್ನು ತೆಳುವಾಗಿ ಹಲವು ಸಲ ಹಚ್ಚಬಹುದು. ಒಂದು ಪದರ ಒಣಗದೆ ಇನ್ನೊಂದನ್ನು ಹಚ್ಚಿದರೆ ಬಣ್ಣ ಸುಕ್ಕುಗಟ್ಟೀತು. ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹಾನಿಕರವಾದುದರಿಂದ ಮುಖಗವಸು ಅವಶ್ಯ.

ಲೇಪವೇ ನಾದಕ್ಕೆ ಒದಗಿದ ನಿದರ್ಶನವೂ ಉಂಟು. ಅಮೆರಿಕದ ಜಾಕೋ ಪಾಸ್ಟೋರಿಯಸ್ (೧೯೫೧–೧೯೮೭) ನುಡಿಸುತ್ತಿದ್ದುದು ೧೯೬೨ರ ಫೆಂಡರ್ ಜಾಝ್ ಬೇಸ್. ಅದರ ಮೆಟ್ಟಿಲುಗಳನ್ನು ಕಿತ್ತು, ಉಳಿದ ಸೀಳುಗಳನ್ನು ತುಂಬಿ, ಬೆರಳಹಲಗೆಗೆ ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ಲೇಪಿಸಲಾಗಿತ್ತು. ಮೆಟ್ಟಿಲಿಲ್ಲದ ಗೋಟುವಾದ್ಯದಂತೆ ಅದರಲ್ಲಿಯೂ ಸ್ವರದಿಂದ ಸ್ವರಕ್ಕೆ ಜಾರುವುದು ಸಾಧ್ಯವಾಯಿತು. ಒರಟು ತಂತಿಗಳು ಮರವನ್ನು ಕೊರೆಯದಂತೆ ಎಪಾಕ್ಸಿ ಕಾಯಿತು. ತಂತಿಗೆ ಗಡುಸಾದ ನೆಲೆಯನ್ನೂ ಕೊಟ್ಟಿತು. ೧೯೭೬ರಲ್ಲಿ ಅವರ ಹೆಸರಿನಲ್ಲಿಯೇ ಬಂದ ಧ್ವನಿಮುದ್ರಿಕೆಯಲ್ಲಿ ಮೆಟ್ಟಿಲಿಲ್ಲದ ಬೇಸಿನ ಹಾಡುವಂಥ ನಾದವನ್ನು ಕೇಳಬಹುದು. ಒಡಲಿನ ಮೇಲೆ ಅಲಂಕಾರವಾಗುವ ಲೇಪವು ತಂತಿ ತಾಗುವ ಎಡೆಯಲ್ಲಿ ವಾದ್ಯದ ಅಂಗವೇ ಆಗುತ್ತದೆ.

ಅಭ್ಯಾಸ: ಬಣ್ಣ, ಲೇಪ, ಹೊಳಪು, ಮೆರುಗು ಎಂಬ ಪದಗಳ ಅರ್ಥಭೇದವನ್ನು ವಿವರಿಸಿರಿ. ಮರಕ್ಕೆ ನಯ ಕೊಡುವ ಕೆಲಸದಲ್ಲಿ ನಿಮ್ಮ ಊರಿನ ಬಡಗಿಗಳು ಬಳಸುವ ಐದು ಪದಗಳನ್ನು ಸಂಗ್ರಹಿಸಿರಿ.