ತ್ಯಾಜ್ಯದ ಬಾಟಲಿಗೆ ಸುರಿಯುವ ಮುನ್ನ

ಹೊಸದಾಗಿ ಲ್ಯಾಬ್ ಸೇರಿದ್ದೀಯ ಮಗೂ, ಸಂತೋಷ. ಪ್ರಯೋಗ ನಡೆಯುವಾಗ ನಿನ್ನ ಕಣ್ಣು ಬೀಕರಿನ ಮೇಲೇ ಇರುತ್ತದೆ, ಕನ್ನಡಕ, ಕೈಗವಸು ಎಲ್ಲ ಸರಿಯಾಗಿರುತ್ತವೆ. ನನಗೆ ಅಂಜಿಕೆ ಇರುವುದು ಆಮೇಲಿನ ಹೊತ್ತಿನದು. ಕೆಲಸ ಮುಗಿದಿದೆ, ಬಸ್ಸಿಗೆ ತಡವಾಗಿದೆ. ಉಳಿದದ್ದನ್ನು ಕೈಗೆ ಸಿಕ್ಕ ತ್ಯಾಜ್ಯದ ಬಾಟಲಿಗೆ ಸುರಿದು ಮುಚ್ಚಳ ಬಿಗಿದುಬಿಡುವ ಆ ಅರ್ಧ ನಿಮಿಷವೇ ಅಪಾಯದ್ದು.

ನೈಟ್ರಿಕ್ ಆಮ್ಲವನ್ನೇ ನೋಡು. ಅಸಿಟೋನ್, ಎಥನಾಲ್‌ನಂಥ ದ್ರಾವಕವಿರುವ ಬಾಟಲಿಗೆ ಅದು ಬಿದ್ದಾಗ ಎಷ್ಟೋ ಸಲ ಮೊದಮೊದಲು ಏನೂ ಆದಂತೆ ಕಾಣುವುದಿಲ್ಲ. ಒಳಗೊಳಗೇ ಉತ್ಕರ್ಷಣೆ ನಡೆದು ಬಿಸಿಯೇರುತ್ತದೆ. ಬಿಸಿಯೇರಿದಷ್ಟೂ ಕ್ರಿಯೆ ಚುರುಕಾಗುತ್ತದೆ. ನೈಟ್ರೋಜನ್ ಡೈಆಕ್ಸೈಡಿನ ಕಂದು ಹೊಗೆ ತುಂಬಿ ಒತ್ತಡ ಬೆಳೆಯುತ್ತದೆ. ನೀನು ಮನೆ ಸೇರಿದ ಮೇಲೆ ಬಾಟಲಿ ಸಿಡಿಯಬಹುದು. ಆಗ ಪಕ್ಕದಲ್ಲಿರುವವರು ನೆಲ ಒರೆಸಲು ಬಂದ ಅಕ್ಕ ಆಗಿರಬಹುದು.

ಆಮ್ಲಗಳೆಲ್ಲ ಒಂದೇ ಜಾತಿ ಎಂದು ಒಟ್ಟಿಗೆ ಇಡಬೇಡ. ಗ್ಲೇಶಿಯಲ್ ಅಸಿಟಿಕ್ ಆಮ್ಲ ಹೊತ್ತಿಕೊಳ್ಳುವಂಥದು, ನೈಟ್ರಿಕ್ ಆಮ್ಲ ಹೊತ್ತಿಸುವಂಥದು. ಬ್ಲೀಚ್‌ಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ, ಅಮೋನಿಯ ಸೇರಿದರೆ ಕ್ಲೋರಮೀನ್. ಸಯನೈಡ್ ಲವಣಕ್ಕೆ ಆಮ್ಲ ಸೇರಿದರೆ ಹೈಡ್ರೋಜನ್ ಸಯನೈಡ್. ನೀರು ತಾನೇ ಎಂದೂ ಅನ್ನಬೇಡ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲಿನಲ್ಲಿ ಮೀಥೈಲ್ ಐಸೊಸಯನೇಟ್ ತುಂಬಿದ್ದ ಟ್ಯಾಂಕಿನೊಳಗೆ ಹೋದದ್ದು ನೀರೇ. ಅದರಿಂದ ಹೊರಬಿದ್ದ ವಿಷಾನಿಲಕ್ಕೆ ಸಾವಿರಾರು ಜನ ಸತ್ತರು.

ಆದ್ದರಿಂದ ಕೆಲವು ರೂಢಿ ಮಾಡಿಕೋ. ಪ್ರತಿ ರಾಸಾಯನಿಕದ ಸುರಕ್ಷತಾ ಮಾಹಿತಿ ಪತ್ರದ 10ನೆಯ ವಿಭಾಗದಲ್ಲಿ, ಯಾವುದರ ಜೊತೆ ಅದು ಸೇರಬಾರದು ಎಂದು ಬರೆದಿರುತ್ತದೆ. ಪ್ರಯೋಗಕ್ಕೆ ಮುಂಚೆಯೇ ಓದು. ತ್ಯಾಜ್ಯ ಎಲ್ಲಿಗೆ ಹೋಗಬೇಕೆಂಬುದನ್ನೂ ಆಗಲೇ ನೋಟ್‌ಬುಕ್‌ನಲ್ಲಿ ಬರೆದುಕೋ. ನೈಟ್ರಿಕ್ ಆಮ್ಲದ ತ್ಯಾಜ್ಯಕ್ಕೆ ಬೇರೆಯದೇ ಬಾಟಲಿ ಇರಲಿ. ದ್ರಾವಕದ ಹಳೆಯ ಬಾಟಲಿಯನ್ನು ಅದಕ್ಕೆ ಬಳಸಬೇಡ. ಒಳಗೆ ಉಳಿದ ಹನಿಗಳೇ ಸಾಕು. ಲೇಬಲ್ ಮೇಲೆ ‘ವೇಸ್ಟ್’ ಎಂದಷ್ಟೇ ಗೀಚದೆ ಒಳಗಿರುವುದರ ಪೂರ್ತಿ ಹೆಸರು, ತಾರೀಖು ಬರೆ. ಅನಿಲ ಹೊರಡುವ ಸಾಧ್ಯತೆ ಇದ್ದರೆ ಒತ್ತಡ ಹೊರಬಿಡುವ ಮುಚ್ಚಳ ಹಾಕಿ ಫ್ಯೂಮ್ ಹುಡ್ ಒಳಗಿಡು.

ಮುಚ್ಚಿದ ಬಾಟಲಿ ಬೆಚ್ಚಗಾದರೆ, ಉಬ್ಬಿದರೆ, ಕಂದು ಹೊಗೆ ಕಂಡರೆ ಅದನ್ನು ಎತ್ತಲೂ ಬೇಡ, ತೆರೆಯಲೂ ಬೇಡ. ಎಲ್ಲರನ್ನೂ ಹೊರಗೆ ಕರೆದುಕೊಂಡು ಬಾ, ಆಮೇಲೆ ಮೇಲ್ವಿಚಾರಕರಿಗೆ ತಿಳಿಸು.

ಅನುಮಾನ ಬಂದರೆ ಸುರಿಯುವ ಕೈ ನಿಲ್ಲಲಿ. ಕೇಳಲು ನಾಚಬೇಡ, ತಡವಾದರೆ ಮುಂದಿನ ಬಸ್ಸಿಗೆ ಹೋಗು.