ಮನಸ್ಸಿನ ಗಾಯಕ್ಕೆ ಮೊದಲ ಮದ್ದು ಸುರಕ್ಷೆ

ಪದೇ ಪದೇ ತಲೆನೋವು, ಎದೆ ಡವಗುಟ್ಟುವುದು, ಹೊಟ್ಟೆಯಲ್ಲಿ ಸಂಕಟ, ರಾತ್ರಿ ನಿದ್ರೆ ಇಲ್ಲದಿರುವುದು, ಬಾಗಿಲ ಸದ್ದಿಗೂ ಬೆಚ್ಚಿ ಬೀಳುವುದು. ರಕ್ತ ಪರೀಕ್ಷೆ, ಇಸಿಜಿ, ಸ್ಕ್ಯಾನಿಂಗ್ ಎಲ್ಲವೂ ನಾರ್ಮಲ್. ಇಂತಹ ಸ್ತ್ರೀಗೆ ಮನೆಯವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ: “ನಿನಗೇನೂ ಕಾಯಿಲೆ ಇಲ್ಲ” ಮತ್ತು “ಸಬ್ರ್ ಮಾಡು”. ಮನೆಯೊಳಗೆ ಹೊಡೆತ, ಬೆದರಿಕೆ, ಅವಮಾನ ಇದೆಯೇ ಎಂದು ಕೇಳುವವರು ಕಡಿಮೆ.

ಈ ತೊಂದರೆಗಳಿಗೆ ಬೇರೆ ಕಾರಣಗಳೂ ಇರುತ್ತವೆ, ಪರೀಕ್ಷೆ ಬೇಕೇ ಬೇಕು. ಆದರೆ ಹಿಂಸೆಯೂ ಒಂದು ಕಾರಣವಾಗಬಲ್ಲದು ಎಂದು ವೈದ್ಯಲೋಕಕ್ಕೆ ಮನವರಿಕೆ ಮಾಡಿಕೊಟ್ಟವರಲ್ಲಿ ಅಮೆರಿಕದ ಮನೋವೈದ್ಯೆ ಡಾ. ಜೂಡಿತ್ ಹರ್ಮನ್ ಪ್ರಮುಖರು. 1942ರಲ್ಲಿ ಜನಿಸಿದ ಅವರ ಸುದೀರ್ಘ ಅಧ್ಯಯನದಲ್ಲಿ ನಮ್ಮ ಕುಟುಂಬಗಳಿಗೂ ಪಾಠವಿದೆ.

ಕೇಳಿದಾಗ ತಿಳಿದದ್ದು

1970ರ ದಶಕದಲ್ಲಿ ಹರ್ಮನ್ ವೃತ್ತಿ ಆರಂಭಿಸಿದಾಗ, ಹೆಣ್ಣು ಮಕ್ಕಳ ಮೇಲೆ ಸ್ವಂತ ಮನೆಯೊಳಗೇ ಲೈಂಗಿಕ ದೌರ್ಜನ್ಯ ನಡೆಯುವುದು ಹತ್ತು ಲಕ್ಷದಲ್ಲಿ ಒಂದು ಎಂದು 1975ರ ಪ್ರಮುಖ ಮನೋವೈದ್ಯಕೀಯ ಪಠ್ಯಪುಸ್ತಕವೊಂದು ಹೇಳುತ್ತಿತ್ತು. ಹರ್ಮನ್ ಬಳಿ ಬರುತ್ತಿದ್ದ ರೋಗಿಗಳ ಕಥೆ ಬೇರೆಯೇ ಇತ್ತು. ಅವರು ಮನಶ್ಶಾಸ್ತ್ರಜ್ಞೆ ಲೀಸಾ ಹರ್ಷ್‌ಮನ್ ಜೊತೆಗೂಡಿ ಇಂತಹ ನೋವುಂಡ 40 ಸ್ತ್ರೀಯರನ್ನು ಕೂಲಂಕಷವಾಗಿ ಮಾತನಾಡಿಸಿದರು. 1981ರಲ್ಲಿ ಆ ಅಧ್ಯಯನ ಪುಸ್ತಕವಾಗಿ ಬಂತು. ಯಾರೂ ಕೇಳದಿದ್ದ ಕಾರಣಕ್ಕೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಸೈನಿಕನೂ ಪತ್ನಿಯೂ

ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ದುಃಸ್ವಪ್ನ, ನಡುಕ, ಮಂಕುತನಗಳ ಅಧ್ಯಯನ ಮತ್ತು ಅವರ ಹೋರಾಟದ ಫಲವಾಗಿ 1980ರಲ್ಲಿ ಅಮೆರಿಕದ ಮನೋರೋಗಗಳ ಪಟ್ಟಿಗೆ ‘ಪಿಟಿಎಸ್‌ಡಿ’ ಎಂಬ ಹೆಸರು ಸೇರಿತು. 1984ರಲ್ಲಿ ಹರ್ಮನ್ ಮತ್ತು ಮೇರಿ ಹಾರ್ವಿ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಡ್ಜ್ ಆಸ್ಪತ್ರೆಯಲ್ಲಿ ಹಿಂಸೆಗೊಳಗಾದವರಿಗಾಗಿಯೇ ಚಿಕಿತ್ಸಾ ವಿಭಾಗ ಆರಂಭಿಸಿದರು. ಯುದ್ಧಭೂಮಿಯಿಂದ ಬಂದವನಲ್ಲಿಯೂ ಗಂಡನ ಹೊಡೆತ ತಿಂದವಳಲ್ಲಿಯೂ ಲಕ್ಷಣಗಳು ಒಂದೇ ಎಂದು 1992ರಲ್ಲಿ ತಮ್ಮ ‘ಟ್ರಾಮಾ ಆ್ಯಂಡ್ ರಿಕವರಿ’ ಗ್ರಂಥದಲ್ಲಿ ವಿವರಿಸಿದರು.

ಅವರು ಇನ್ನೊಂದು ಅಂಶವನ್ನೂ ಗುರುತಿಸಿದರು. ಒಮ್ಮೆ ನಡೆಯುವ ಅಪಘಾತ ಬೇರೆ, ತಪ್ಪಿಸಿಕೊಳ್ಳಲಾಗದೆ ವರ್ಷಗಟ್ಟಲೆ ಅನುಭವಿಸುವ ಹಿಂಸೆ ಬೇರೆ. ಎರಡನೆಯದರಲ್ಲಿ ಭಯದ ಜೊತೆಗೆ ನಾಚಿಕೆ, ತನ್ನ ಮೇಲೆಯೇ ಜಿಗುಪ್ಸೆ, ಯಾರನ್ನೂ ನಂಬಲಾಗದ ಸ್ಥಿತಿ ಬರುತ್ತದೆ. “ಅಷ್ಟು ಕಷ್ಟವಿದ್ದರೆ ಬಿಟ್ಟು ಬರಬಹುದಿತ್ತಲ್ಲ” ಎನ್ನುವವರಿಗೆ ಇಲ್ಲಿ ಉತ್ತರವಿದೆ. ಮಕ್ಕಳು, ಹಣವಿಲ್ಲದಿರುವುದು, ಜೀವಭಯ ಇವು ಗೋಡೆಯಿಲ್ಲದ ಸೆರೆಮನೆ. ಇದಕ್ಕೆ ಹರ್ಮನ್ ಸೂಚಿಸಿದ ‘ಕಾಂಪ್ಲೆಕ್ಸ್ ಪಿಟಿಎಸ್‌ಡಿ’ ಎಂಬ ಹೆಸರು 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಸ್ಥಾನ ಪಡೆದಿದೆ.

ಗುಣವಾಗುವ ಮೂರು ಹಂತ

ಮೊದಲನೆಯದು ಸುರಕ್ಷೆ: ಹೊಡೆತ ನಿಲ್ಲಬೇಕು, ನಿದ್ರೆ-ಊಟ ಸರಿಯಾಗಬೇಕು. ಎರಡನೆಯದು, ನಡೆದದ್ದನ್ನು ನಂಬಿಕಸ್ಥರ ಬಳಿ ಹೇಳಿಕೊಂಡು ಕಳೆದುಹೋದುದಕ್ಕಾಗಿ ಅಳುವುದು. ಮೂರನೆಯದು, ಮತ್ತೆ ಜನರೊಡನೆ ಬೆರೆತು ಬದುಕು ಕಟ್ಟಿಕೊಳ್ಳುವುದು. ಮೊದಲನೆಯದು ಆಗದೆ ಎರಡನೆಯದಕ್ಕೆ ಒತ್ತಾಯಿಸಿದರೆ ಗಾಯ ಕೆದಕಿದಂತೆ.

ಯೂನಾನಿ ಓದಿದವರಿಗೆ ಇದು ಅಪರಿಚಿತವಲ್ಲ. ಆರೋಗ್ಯಕ್ಕೆ ಅನಿವಾರ್ಯವಾದ ಆರು ಅಂಶಗಳಲ್ಲಿ, ಅಂದರೆ ‘ಅಸ್ಬಾಬೆ ಸಿತ್ತಾ ಝರೂರಿಯಾ’ದಲ್ಲಿ, ನಿದ್ರೆ-ಎಚ್ಚರವೂ ಮನಸ್ಸಿನ ಚಲನೆ-ವಿಶ್ರಾಂತಿಯೂ ಸೇರಿವೆ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖೀ ದೇಹದ ಆರೋಗ್ಯದೊಂದಿಗೆ ಮನಸ್ಸಿನ ಆರೋಗ್ಯದ ಬಗ್ಗೆಯೂ ಗ್ರಂಥ ಬರೆದಿದ್ದರು. ಆದರೆ ಭಯದ ಮೂಲ ಮನೆಯಲ್ಲೇ ಇರುವಾಗ ಶರಬತ್ತಾಗಲಿ ಮಾತ್ರೆಯಾಗಲಿ ಒಂಟಿಯಾಗಿ ಗುಣ ಕೊಡಲಾರದು.

ಸಬ್ರ್ ಎಂದರೆ ಹೊಡೆತ ಸಹಿಸುವುದೇ?

ಹ. ಖೌಲಾ ಬಿಂತ್ ಸಅಲಬಾ(ರ) ತಮ್ಮ ಪತಿಯಿಂದಾದ ಅನ್ಯಾಯದ ಬಗ್ಗೆ ಪ್ರವಾದಿ(ಸ)ರ ಬಳಿ ಬಂದು ವಾದಿಸಿದರು. ಸುಮ್ಮನಿರು ಎಂಬ ಆದೇಶ ಬರಲಿಲ್ಲ. ಆಕೆಯ ದೂರನ್ನು ಅಲ್ಲಾಹನು ಆಲಿಸಿದ ವಿಷಯದೊಂದಿಗೇ ಪವಿತ್ರ ಕುರ್‌ಆನ್‌ನ 58ನೇ ಅಧ್ಯಾಯ ಆರಂಭವಾಗುತ್ತದೆ. ಪ್ರವಾದಿ(ಸ) ಎಂದೂ ಸ್ತ್ರೀಯ ಮೇಲಾಗಲಿ ಸೇವಕರ ಮೇಲಾಗಲಿ ಕೈ ಎತ್ತಲಿಲ್ಲವೆಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಹೀಗಿರುವಾಗ ಸಬ್ರ್‌ನ ಹೆಸರಲ್ಲಿ ಮಗಳನ್ನು ಅದೇ ಹೊಡೆತಕ್ಕೆ ಮರಳಿ ಕಳುಹಿಸುವುದು ಹೇಗೆ ಸರಿ?

ಇದು ಅಪರೂಪದ ಸಮಸ್ಯೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ ವಿವಾಹಿತ ಸ್ತ್ರೀಯರಲ್ಲಿ ಶೇ. 44ರಷ್ಟು ಮಂದಿ ಪತಿಯಿಂದ ಹಿಂಸೆ ಅನುಭವಿಸಿದ್ದಾರೆ. ಈ ಸಂಖ್ಯೆಯಲ್ಲಿ ಎಲ್ಲ ಧರ್ಮದವರೂ ಇದ್ದಾರೆ.

ಯಾರಾದರೂ ನಿಮ್ಮಲ್ಲಿ ಹೇಳಿಕೊಂಡರೆ

1. ನಂಬಿ. “ನೀನೇನು ಮಾಡಿದ್ದೆ?” ಎಂದು ಕೇಳಬೇಡಿ.

2. ಒಬ್ಬಳೇ ಇರುವಾಗ ಮಾತನಾಡಿ. ಗಂಡನ ಎದುರು ವಿಚಾರಿಸಿದರೆ ಅಪಾಯ ಹೆಚ್ಚಬಹುದು.

3. ಕುತ್ತಿಗೆ ಹಿಸುಕಿದ್ದರೆ ಹೊರಗೆ ಗುರುತು ಕಾಣದಿದ್ದರೂ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಯಾವುದೇ ಗಾಯವಿರಲಿ, ಕಾರಣವನ್ನು ದಾಖಲಿಸಲು ವೈದ್ಯರಿಗೆ ತಿಳಿಸಿ.

4. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಾನಸಿಕ ನೆರವಿಗೆ ಟೆಲಿ ಮಾನಸ್ 14416. ಈ ಸಂಖ್ಯೆಗಳನ್ನು ಮನೆಯ ಹೆಣ್ಣು ಮಕ್ಕಳಿಗೆಲ್ಲ ತಿಳಿಸಿಡಿ.

5. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಎಲ್ಲ ಧರ್ಮದ ಸ್ತ್ರೀಯರಿಗೂ ಅನ್ವಯಿಸುತ್ತದೆ. ಪತಿಯ ಮನೆಯಲ್ಲೇ ವಾಸಿಸುವ ಹಕ್ಕನ್ನೂ ಕೊಡುತ್ತದೆ.

2023ರಲ್ಲಿ ಹರ್ಮನ್ ಇನ್ನೊಂದು ಪುಸ್ತಕ ಬರೆದರು. ನಿಮಗೆ ನ್ಯಾಯವೆಂದರೇನು ಎಂದು ನೊಂದವರನ್ನೇ ಕೇಳಿದಾಗ, ಅವರಿಗೆ ಸೇಡಿಗಿಂತ ಮುಖ್ಯವಾಗಿದ್ದದ್ದು ನಡೆದದ್ದು ಅನ್ಯಾಯವೆಂದು ತಮ್ಮವರು ಒಪ್ಪಿಕೊಳ್ಳುವುದು. ಅದಕ್ಕೆ ವೈದ್ಯರ ಚೀಟಿ ಬೇಕಿಲ್ಲ. ತಾಯಿ, ಅಣ್ಣ, ಅತ್ತೆ, ಜಮಾಅತ್‌ನ ಹಿರಿಯರು ಯಾರು ಬೇಕಾದರೂ ಇಂದೇ ಕೊಡಬಹುದಾದ ಮದ್ದು ಅದು.